ದಪ್ಪಕ್ಷರದ ಸತ್ಯವೇದ: ತೂಕ ಜಾಸ್ತಿ, ಆದರೂ ತಗೊಳ್ಳಿ

ಮೊದಲೇ ಹೇಳಿಬಿಡುತ್ತೇನೆ, ಈ ಸತ್ಯವೇದ, ಅಂದರೆ ಕನ್ನಡ ಬೈಬಲ್, ಭಾರ. ಮಲಗಿಕೊಂಡು ಎದೆ ಮೇಲಿಟ್ಟು ಓದುವ ಅಭ್ಯಾಸ ಇದ್ದವರು ಆ ಆಸೆ ಬಿಡಿ. ಮೇಜು ಬೇಕು, ಇಲ್ಲಾಂದ್ರೆ ಮಡಚುವ ಮರದ ವ್ಯಾಸಪೀಠ ಬೇಕು. ನಾನು ಗದಗದ ಪೇಟೆಯಿಂದ ಒಂದು ತಂದುಕೊಂಡೆ. ಪಕ್ಕದ ಮನೆಯ ಅಜ್ಜಿ ಪುರಾಣದ ಪುಸ್ತಕ ಇಡುವುದೂ ಅಂಥದ್ದರ ಮೇಲೇ. "ನಮ್ಮದಕ್ಕಿಂತ ನಿಮ್ಮ ಪುಸ್ತಕನ ದಪ್ಪ ಐತಲ್ರೀ ಸಿಸ್ಟರ್" ಅಂತ ನಕ್ಕರು.

ಸಿಸ್ಟರ್ ಅಂದರೆ ನರ್ಸ್. ನಿವೃತ್ತಿಯಾದರೂ ಓಣಿಯಲ್ಲಿ ಹೆಸರು ಹಾಗೇ ಉಳಿದಿದೆ. ಬೆಟಗೇರಿಯಲ್ಲಿ ಒಬ್ಬಳೇ ಇದ್ದೇನೆ. ಯಜಮಾನರು ತೀರಿಕೊಂಡಿದ್ದಾರೆ, ಮಗ ಬೆಂಗಳೂರಿನಲ್ಲಿ. ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದು ಬಾಕಿ. ಮದುವೆಯಲ್ಲಿ ನಮ್ಮ ಚರ್ಚಿನ ಸಭೆಯವರು ಕೊಟ್ಟ ಸತ್ಯವೇದ ತೆರೆದರೆ ಈಗ ಹಾಳೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ. ಅದಕ್ಕೇ ಇದನ್ನು ಕೊಂಡೆ. ಬೆಲೆ ಸಾವಿರದ ಒಳಗೇ ಆಯಿತು.

"ಅಮ್ಮಾ, ಫೋನಿನಲ್ಲೇ ಆಡಿಯೊ ಇದೆ, ಪುಕ್ಕಟೆ, ಸುಮ್ನೆ ಯಾಕೆ ದುಡ್ಡು ಹಾಕ್ತೀಯಾ" ಅಂದ ಮಗ. ಅವನೇ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಕೇಳಿ ನೋಡಿದೆ. ಓದುವವರ ದನಿ ಚೆನ್ನಾಗಿದೆ, ಹಿಂದೆ ಸಂಗೀತ ಮಾತ್ರ ಸ್ವಲ್ಪ ಜಾಸ್ತಿ. ನನಗೆ ಆಗದೇ ಇದ್ದದ್ದು ಬೇರೆ. ಕೀರ್ತನೆಗಳು ಅಂದರೆ ಬೈಬಲಿನೊಳಗಿನ ಹಾಡುಗಳು. 139ನೇ ಕೀರ್ತನೆ ಮುಗಿಯಿತೋ ಇಲ್ಲವೋ, ಅದು ಉಸಿರೂ ಬಿಡದೆ 140ಕ್ಕೆ ಹೋಗಿಬಿಡುತ್ತದೆ. ಒಂದು ವಚನದ (ಅಂಕಿ ಹಾಕಿದ ಸಾಲಿನ) ಹತ್ತಿರ ನಿಲ್ಲಬೇಕು ಅನ್ನಿಸಿದರೆ ಕತ್ತಲಲ್ಲಿ ಕನ್ನಡಕ ಹುಡುಕಿ, ಫೋನ್ ಹುಡುಕಿ, ಬೆರಳಿಂದ ಹಿಂದಕ್ಕೆ ಎಳೆಯಬೇಕು. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಯಾರದೋ ಗುಡ್ ನೈಟ್ ಗುಲಾಬಿ ಹೂ. ಕಣ್ಣು ಪೂರ್ತಿ ಹೋದವರಿಗೆ ಆಡಿಯೊ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ನನಗಿನ್ನೂ ಅರ್ಧ ಕಣ್ಣು ಇದೆಯಲ್ಲ.

ಕೊಳ್ಳುವ ಮೊದಲು ಯಾವ ಮುದ್ರಣ ಅಂತ ಕೇಳಿಕೊಳ್ಳಿ. ನಮ್ಮ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಓದುವುದರಲ್ಲಿ 66 ಪುಸ್ತಕ, ಕ್ಯಾಥೊಲಿಕ್ ಬೈಬಲಿನಲ್ಲಿ 73. ಹಳೆಯ ಅನುವಾದವೂ ಇದೆ, ಸುಲಭ ಕನ್ನಡದ್ದೂ ಇದೆ. ನಾನು ಹಳೆಯದನ್ನೇ ಆರಿಸಿದೆ. ನಮ್ಮೂರಿಗೆ ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಬಂದದ್ದು 1841ರಲ್ಲಿ. ಅವರಿಗೂ ಮುಂಚೆ, 1810ರಲ್ಲಿ ಬಂದ ಇಂಗ್ಲಿಷ್ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. ಅಷ್ಟು ಹಿಂದಿನ ಕನ್ನಡವೇನೂ ನನ್ನ ಕೈಯಲ್ಲಿಲ್ಲ, ಆಮೇಲೆ ತುಂಬಾ ತಿದ್ದಿದ್ದಾರೆ. ಆದರೆ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಮಾತುಗಳೇ ಕಣ್ಣಿಗೂ ಬೀಳಬೇಕು ಅನ್ನುವ ಹಟ ನನ್ನದು.

ಇನ್ನು ಅಕ್ಷರ. ನಿಜವಾಗಿ ದಪ್ಪವೇ. ಟ್ಯೂಬ್‌ಲೈಟ್ ಕೆಳಗೆ ಆರಾಮಾಗಿ ಓದಬಹುದು. ಕಾಗದ ಮಾತ್ರ ತೆಳು, ಹಿಂದಿನ ಪುಟದ ಅಕ್ಷರ ಮಸುಕಾಗಿ ಇಣುಕುತ್ತದೆ. ಕೆಳಗೊಂದು ಕಪ್ಪು ಹಾಳೆ ಇಟ್ಟರೆ ಸರಿಹೋಗುತ್ತದೆ. ವಚನದ ಅಂಕಿ ಯಾಕೋ ಸಣ್ಣದಾಗೇ ಉಳಿದಿದೆ. ಹೊಲಿಗೆ ಗಟ್ಟಿ. ಕೀರ್ತನೆಗಳು ಸರಿಯಾಗಿ ನಡುಮಧ್ಯ ಬರುವುದರಿಂದ ಅಲ್ಲಿ ತೆರೆದರೆ ಪುಸ್ತಕ ಚಪ್ಪಟೆಯಾಗಿ ಮಲಗುತ್ತದೆ, ಕೈ ಬೇಡ. ಮೊದಲ ಪುಸ್ತಕ ಆದಿಕಾಂಡಕ್ಕೆ ಹೋದರೆ ಬಲಗಡೆ ಗುಡ್ಡ, ಎಡಗಡೆ ನಾಲ್ಕು ಹಾಳೆ. ಅವು ಮೇಲೆ ಏಳುತ್ತಲೇ ಇರುತ್ತವೆ, ಕನ್ನಡಕದ ಡಬ್ಬಿ ಇಟ್ಟು ಒತ್ತಬೇಕು.

ನಾನು ಇದನ್ನು ಪರೀಕ್ಷಿಸಿದ್ದು 139ನೇ ಕೀರ್ತನೆಯಲ್ಲಿ. 23ನೆಯದು ಎಲ್ಲರಿಗೂ ಬಾಯಿಗೆ ಬರುತ್ತದೆ, ಅದಕ್ಕೆ ಯಾವ ಅಕ್ಷರವೂ ಬೇಡ. 139 ಹಾಗಲ್ಲ, 24 ವಚನ. ನಾನು ಕೂರುವುದು, ಏಳುವುದು, ನಡೆಯುವುದು, ಮಲಗುವುದು ಎಲ್ಲ ದೇವರಿಗೆ ಗೊತ್ತು ಅಂತ ಶುರುವಾಗುತ್ತದೆ. ಮಾತು ನಾಲಿಗೆಗೆ ಬರುವ ಮೊದಲೇ ಗೊತ್ತು ಅನ್ನುತ್ತದೆ. ಒಬ್ಬಳೇ ಇರುವ ಮನೆಯಲ್ಲಿ ಇದರ ಬೆಲೆ ಬೇರೆ. ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡು ಎದ್ದೆ ಅನ್ನುವುದನ್ನು ಹೇಳಿಕೊಳ್ಳಲು ಯಾರಿಲ್ಲ, ಹೇಳಿದರೂ "ಮಾತ್ರೆ ತಗೊಂಡ್ಯಾ?" ಅನ್ನುತ್ತಾರೆ. ಗೊತ್ತಿರುವವನೊಬ್ಬ ಇದ್ದಾನೆ ಅಂದರೆ ಅಷ್ಟಕ್ಕೇ ಅರ್ಧ ನೋವು ಇಳಿಯುತ್ತದೆ.

ನಾನು ಜಾಸ್ತಿ ಸಲ ನಿಲ್ಲುವುದು 13ರಿಂದ 16ನೇ ವಚನಗಳ ಹತ್ತಿರ. ತಾಯಿಯ ಹೊಟ್ಟೆಯಲ್ಲೇ ರೂಪಿಸಿದವನು ನೀನು, ನಾನಿನ್ನೂ ಪಿಂಡವಾಗಿದ್ದಾಗಲೇ ನಿನ್ನ ಕಣ್ಣು ನನ್ನನ್ನು ನೋಡಿತು ಅನ್ನುವ ಜಾಗ. ನನ್ನ ಸರ್ವಿಸಿನ ಬಹುಪಾಲು ಹೆರಿಗೆ ವಾರ್ಡಿನಲ್ಲೇ ಹೋಯಿತು, ಅದೂ ನೈಟ್ ಡ್ಯೂಟಿ. ಕೂಸು ಹುಟ್ಟಿದ ತಕ್ಷಣ ಒರೆಸಿ, ತೂಕ ನೋಡಿ, ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟುತ್ತೇವೆ. ಕೂಸಿಗೆ ಹೆಸರಿರುವುದಿಲ್ಲವಲ್ಲ, ಅದಕ್ಕೆ "ಬೇಬಿ ಆಫ್ ಶಾಂತವ್ವ" ಅಂತ ತಾಯಿಯ ಹೆಸರು ಬರೆಯುವುದು, ಜೊತೆಗೆ ಗಂಡೋ ಹೆಣ್ಣೋ, ಹುಟ್ಟಿದ ಹೊತ್ತು. ಒಂದೇ ರಾತ್ರಿ ಇಬ್ಬರು ಶಾಂತವ್ವ ಇದ್ದರೆ ಗಂಡನ ಹೆಸರೂ ಸೇರಿಸಿ, ಇನ್ನೊಬ್ಬ ಸಿಸ್ಟರ್ ಕೈಲಿ ಓದಿಸಿ ಕಟ್ಟಬೇಕು. ಅಷ್ಟು ಜೋಪಾನ ಯಾಕೆ ಅಂದರೆ, ಬಟ್ಟೆ ಸುತ್ತಿದ ಮೇಲೆ ನಮ್ಮ ಕಣ್ಣಿಗೆ ಎಲ್ಲ ಕೂಸುಗಳೂ ಒಂದೇ ಥರ. ತಾಯಂದಿರೂ ಬೆಡ್ ನಂಬರೇ. "ಏಳನೇ ಬೆಡ್ಡಿಗೆ ನೋವು ಶುರುವಾಗಿದೆ" ಅಂತಲೇ ನಮ್ಮ ಮಾತು. ಪಟ್ಟಿ ಇಲ್ಲದೆ ಗುರುತು ಹಿಡಿಯುವವನೊಬ್ಬ ಇದ್ದಾನೆ ಅನ್ನುವುದು ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಸಣ್ಣ ಮಾತಲ್ಲ. ದಪ್ಪಕ್ಷರದಲ್ಲಿ ಈ ನಾಲ್ಕು ವಚನ ಒಂದೇ ಪುಟದಲ್ಲಿ ಬಂದಿರುವುದು ನನ್ನ ಪುಣ್ಯ.

ಕೀರ್ತನೆ ಪೂರ್ತಿ ಸಿಹಿ ಅಂತಲೂ ತಿಳಿಯಬೇಡಿ. 7ನೇ ವಚನದಲ್ಲಿ ಕೀರ್ತನೆ ಹಾಡುವವನು ದೇವರಿಂದ ತಪ್ಪಿಸಿಕೊಂಡು ಎಲ್ಲಿಗೆ ಓಡಲಿ ಅಂತ ಕೇಳುತ್ತಾನೆ. 19ರಿಂದ 22ರವರೆಗೆ ಶತ್ರುಗಳ ಮೇಲೆ ಬೆಂಕಿ ಕಾರುತ್ತಾನೆ. ಆರಾಧನೆಯಲ್ಲಿ ಆ ನಾಲ್ಕು ವಚನ ಬಿಟ್ಟು ಓದಿದ್ದನ್ನು ಕೇಳಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಎಲ್ಲ ಗೊತ್ತಿರುವವನ ಮುಂದೆ ಸಿಟ್ಟು ಮುಚ್ಚಿಟ್ಟು ಏನು ಪ್ರಯೋಜನ, ಅಲ್ವಾ? ಅದನ್ನೆಲ್ಲ ಕಾರಿದ ಮೇಲೇ ಕೊನೆಗೆ ನನ್ನನ್ನು ಶೋಧಿಸು, ದಾರಿಯಲ್ಲಿ ನಡೆಸು ಅಂತ ಬೇಡುತ್ತಾನೆ.

ದಾರಿ ವಿಷಯಕ್ಕೆ ಬಂದರೆ, ಕನ್ನಡಕದ ಡಬ್ಬಿ ಒತ್ತಿಟ್ಟು ಆದಿಕಾಂಡ 16 ಓದಿ. ಹಾಗರಳ ಕಥೆ. ಬಸುರಿ ದಾಸಿ, ಯಜಮಾನಿಯ ಕಾಟ ತಾಳದೆ ಮರುಭೂಮಿಗೆ ಓಡಿಹೋಗುತ್ತಾಳೆ. ಆ ಅಧ್ಯಾಯದಲ್ಲಿ ಯಜಮಾನ ಅಬ್ರಾಮನಾಗಲಿ ಯಜಮಾನಿ ಸಾರಯಳಾಗಲಿ ಒಮ್ಮೆಯೂ ಅವಳ ಹೆಸರು ಎತ್ತುವುದಿಲ್ಲ, ಬರೀ ದಾಸಿ ದಾಸಿ. ಈಜಿಪ್ಟಿನ ಕಡೆಗಿರುವ ಶೂರಿಗೆ ಹೋಗುವ ದಾರಿಯಲ್ಲಿ, ನೀರಿನ ಬುಗ್ಗೆಯ ಹತ್ತಿರ ದೇವದೂತ ಅವಳನ್ನು ಹೆಸರಿಟ್ಟು ಕರೆಯುತ್ತಾನೆ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಅಂತ ಕೇಳುತ್ತಾನೆ. ಅವಳು ದೇವರನ್ನು ನನ್ನನ್ನು ನೋಡುವವನು ಅಂತ ಕರೆಯುತ್ತಾಳೆ. ಆದರೆ ಸಿಕ್ಕ ಅಪ್ಪಣೆ ಏನು? ವಾಪಸ್ ಹೋಗು. ಅವಳಿಗೆ ಬೇಕಾಗಿದ್ದದ್ದು ಅದಲ್ಲ. ದೇವರು ನಡೆಸುತ್ತಾನೆ ಅಂದರೆ ನಮ್ಮಿಷ್ಟದ ಕಡೆಗೇ ನಡೆಸುತ್ತಾನೆ ಅಂತ ಹೇಳುವವರು ಈ ಅಧ್ಯಾಯವನ್ನು ಓದಿಲ್ಲ.

ಮಗ ಬೆಂಗಳೂರಿಗೆ ಬಂದಿರು ಅನ್ನುತ್ತಲೇ ಇದ್ದಾನೆ. ನನಗೆ ಹೋಗು ಅಂತ ಅಪ್ಪಣೆಯೂ ಬಂದಿಲ್ಲ, ಬೇಡ ಅಂತಲೂ ಬಂದಿಲ್ಲ. ಸಮುದ್ರದ ಕಟ್ಟಕಡೆಗೆ ಹೋಗಿ ಕೂತರೂ ನಿನ್ನ ಕೈ ನನ್ನನ್ನು ಹಿಡಿದಿರುತ್ತದೆ ಅನ್ನುತ್ತದೆ ಕೀರ್ತನೆ. ಬೆಂಗಳೂರು ಅಷ್ಟು ದೂರವೇನಲ್ಲ. ಹೀಗೆ ಅಂದುಕೊಂಡ ಮೇಲೆ ಮೊದಲಿನ ಗಾಬರಿ ಇಲ್ಲ. ಇನ್ನೊಂದು ಕಣ್ಣಿನ ಆಪರೇಷನ್ ಆಗಲಿ, ಆಮೇಲೆ ನೋಡೋಣ ಅಂದಿದ್ದೇನೆ.

ಅಂಗಡಿಯಲ್ಲಿ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲೇ ಕೊಡುತ್ತಾರೆ. ಬಿಚ್ಚಿಸಿ, ನಡುವಿನ ಪುಟ ತೆರೆದು, ನಿಮ್ಮ ಕನ್ನಡಕ ಹಾಕಿಕೊಂಡೇ ನೋಡಿ ದುಡ್ಡು ಕೊಡಿ. ಜಿಪ್ ಇರುವ ಹೊದಿಕೆ ಬೇರೆ ಕೊಳ್ಳಬೇಕು, ಚರ್ಚಿಗೆ ಒಯ್ಯುವವರಿಗೆ ಅದು ಬೇಕೇ ಬೇಕು. ನಾನಂತೂ ಒಯ್ಯುವುದಿಲ್ಲ, ಆಟೋದವನಿಗೂ ಭಾರ. ಕೊನೆಯಲ್ಲಿರುವ ನಕ್ಷೆಗಳ ಹೆಸರು ಮಾತ್ರ ಹಳೆಯ ಸಣ್ಣ ಅಕ್ಷರದಲ್ಲೇ ಇವೆ. ಶೂರು ಎಲ್ಲಿದೆ ಅಂತ ಹುಡುಕಿಕೊಟ್ಟದ್ದು ರಜೆಗೆ ಬಂದಿದ್ದ ಮೊಮ್ಮಗಳು.