ಗಣಿ ಊರಿನ ಇಗರ್ಜಿ ತೋರಿಸುವ ಪ್ರವಾಸ: ಕಾರವಾರದಿಂದ ಕೆ.ಜಿ.ಎಫ್.ಗೆ

ಕೋಲಾರದ ಚಿನ್ನದ ಗಣಿಯ ಊರಿಗೆ ಕರೆದೊಯ್ದು, ಅಲ್ಲಿನ ಹಳೆಯ ಇಗರ್ಜಿಗಳನ್ನು ತೋರಿಸಿ ಮರಳಿ ತರುವ ಎರಡು ರಾತ್ರಿ, ಒಂದು ಹಗಲಿನ ಪ್ರವಾಸವನ್ನು ಕಾರವಾರದ ಸಣ್ಣ ಸೇವೆಯೊಂದು ನಡೆಸುತ್ತಿದೆ. ಕಳೆದ ತಿಂಗಳು ನಾನೂ ನನ್ನ ಅಕ್ಕನೂ ಅದರಲ್ಲಿ ಹೋಗಿಬಂದೆವು. ತಲೆಗೆ 4,500 ರೂಪಾಯಿ. ಹೋಗಿಬರುವ ರೈಲಿನ ಟಿಕೆಟ್, ಬೆಂಗಳೂರಿನಿಂದ ಮುಂದಿನ ಸುಮಾರು 100 ಕಿಲೋಮೀಟರಿಗೆ ಟೆಂಪೊ ಟ್ರಾವೆಲರ್, ಎರಡು ಹೊತ್ತಿನ ಊಟ ಅದರಲ್ಲಿಯೇ ಸೇರಿವೆ. ಇವು ಯಾವುದರಲ್ಲಿಯೂ ಕೊರತೆಯಾಗಲಿಲ್ಲ.

ಹೊರಡುವಾಗ ಕೊಟ್ಟ ನಾಲ್ಕು ಪುಟದ ಕರಪತ್ರ ಮಾತ್ರ ನಿರಾಸೆ ಮಾಡಿತು. ಕಮಾನು, ಬಣ್ಣದ ಗಾಜು, ಶಾಂತ ವಾತಾವರಣ ಎಂದು ಅದರಲ್ಲಿ ಬರೆದಿರುವುದನ್ನು ನಮ್ಮ ಕರಾವಳಿಯ ಯಾವ ಇಗರ್ಜಿಯ ಬಗ್ಗೆಯಾದರೂ ಬರೆಯಬಹುದಿತ್ತು. ಗಣಿ ಎಂಬ ಶಬ್ದ ಅದರಲ್ಲಿ ಒಮ್ಮೆಯೂ ಬರುವುದಿಲ್ಲ.

ಆ ಕೊರತೆಯನ್ನು ತುಂಬಿದವರು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ ಬಡಾವಣೆಯಲ್ಲಿ ನಮ್ಮನ್ನು ಎದುರುಗೊಂಡ ಮಾರ್ಗದರ್ಶಿ. ಇಪ್ಪತ್ತೆರಡು ವರ್ಷ ಗಣಿಯೊಳಗೆ ದುಡಿದು ನಿವೃತ್ತರಾದ ಅವರು ಅವರ್ ಲೇಡಿ ಆಫ್ ವಿಕ್ಟರೀಸ್ ಇಗರ್ಜಿಯ ಬಾಗಿಲ ಬಳಿ ನಮ್ಮನ್ನು ನಿಲ್ಲಿಸಿ, ಒಳಗೆ ಕರೆದೊಯ್ಯುವ ಮೊದಲು ಗಣಿಯ ಕಡೆಗೆ ತಿರುಗಿಸಿದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಅಗೆಯಲು ತೊಡಗಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿ ಕಸುಬಿನವರಲ್ಲಿ ಬಹಳಷ್ಟು ಮಂದಿ ಪ್ರೊಟೆಸ್ಟಂಟರ ಒಂದು ಪಂಗಡವಾದ ಮೆಥಡಿಸ್ಟರು. ಇಂಗ್ಲೆಂಡಿನ ಆಂಗ್ಲಿಕನ್ ಪಂಥದವರಿಗೆ ಪಕ್ಕದ ಊರ್ಗಾಂನಲ್ಲಿ ಸೇಂಟ್ ಮೈಕೇಲ್ ಚರ್ಚು. ಉತ್ತರ ಆರ್ಕಾಟ್, ಸೇಲಂ ಕಡೆಗಳಿಂದ ಕೂಲಿಗೆ ಬಂದ ತಮಿಳರಲ್ಲಿ, ಅದರಲ್ಲಿಯೂ ದಲಿತ ಕುಟುಂಬಗಳಲ್ಲಿ, ಕಥೊಲಿಕರೂ ಇದ್ದರು. ಆಗ ಮೈಸೂರು ಧರ್ಮಪ್ರಾಂತವನ್ನು ನೋಡಿಕೊಳ್ಳುತ್ತಿದ್ದವರು ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳಾದ್ದರಿಂದ ಇಂಗ್ಲಿಷ್ ಕಂಪನಿಯ ಗಣಿಯಲ್ಲಿ ದುಡಿಯುವ ತಮಿಳು ಕೂಲಿಗಳ ಪಾಪನಿವೇದನೆಯನ್ನು ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿ ಕೇಳುವಂಥ ಕಾಲವೊಂದಿತ್ತು. ಇಷ್ಟು ತಿಳಿದ ಮೇಲೆ ಒಳಗಿನ ಬೆಂಚುಗಳೂ ತಮಿಳಿನ ಪ್ರಾರ್ಥನೆಯೂ ನನಗೆ ಬೇರೆಯಾಗಿಯೇ ಕಂಡವು.

ಇಗರ್ಜಿಯ ಹೆಸರಿನ ಹಿಂದಿನ ಕಥೆಯೂ ಕರಾವಳಿಯವಳಾದ ನನ್ನ ಮನಸ್ಸನ್ನು ಹಿಡಿಯಿತು. 1571ರಲ್ಲಿ ಗ್ರೀಸ್ ಬಳಿಯ ಲೆಪಾಂಟೊ ಎಂಬಲ್ಲಿ ತುರ್ಕರ ವಿರುದ್ಧ ನಡೆದ ಸಮುದ್ರಯುದ್ಧದ ಗೆಲುವಿನ ನೆನಪಿಗೆ ಮೇರಿಯಮ್ಮನಿಗೆ ವಿಜಯಮಾತೆ ಎಂಬ ಹಬ್ಬ ಬಂತು. ಕಡಲಿನ ಆ ಹೆಸರು ಕಡಲನ್ನೇ ಕಾಣದ ಊರಿಗೆ ಬಂದು, ಭೂಮಿಯೊಳಗೆ 3 ಕಿಲೋಮೀಟರಿಗೂ ಆಳಕ್ಕೆ ಇಳಿಯುತ್ತಿದ್ದವರ ಮೊರೆಯಾಯಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳಲಾರದೆ ಬಂಡೆ ಸಿಡಿಯುವ ರಾಕ್ ಬರ್ಸ್ಟ್ ಆದಾಗ ಮೇಲಿನ ಮನೆಗಳೂ ಅದುರುತ್ತಿದ್ದವು. ಹಾಗೆ ನೆಲ ಅದುರಿದಾಗ ಯಾರ ಮನೆಯವರು ಆ ಪಾಳಿಯಲ್ಲಿ ಇಳಿದಿದ್ದಾರೆಂದು ಲೆಕ್ಕ ಹಾಕುತ್ತ ಹೆಂಗಸರು ಇಗರ್ಜಿಯ ಕಡೆಗೋ ಗಣಿಗೆ ಇಳಿಯುವ ಶಾಫ್ಟಿನ ಕಡೆಗೋ ಓಡುತ್ತಿದ್ದರೆಂದು ಮಾರ್ಗದರ್ಶಿ ಹೇಳಿದಾಗ ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ದೋಣಿ ಮರಳದ ದಿನ ಕಾರವಾರದ ಬೈತಖೋಲದ ದಂಡೆಯಲ್ಲಿ ಕಾದು ನಿಲ್ಲುವವರನ್ನು ನಾವು ನೋಡಿದ್ದೇವೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಊರಿನ ಮಕ್ಕಳು ಈಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ. ಊರು ಬಿಟ್ಟವರು ಇಗರ್ಜಿಯ ಹಬ್ಬವಾದ ಫೆಸ್ತಿಗೆ ತಪ್ಪದೆ ಬರುತ್ತಾರೆಂದು ಕೇಳಿದಾಗ, ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಮನೆ ಬಿಟ್ಟ ನಮ್ಮ ನೆಂಟರನ್ನು ಅಕ್ಕ ನೆನೆದಳು.

ಇಂಥ ಮಾತಿಗೆ ಈ ಸೇವೆಯವರು ಇಟ್ಟ ಸಮಯ ಒಂದೂಕಾಲು ಗಂಟೆ ಮಾತ್ರ. ಊರ್ಗಾಂ ಚರ್ಚನ್ನು ವಾಹನದ ಕಿಟಕಿಯಿಂದಲೇ ನೋಡಬೇಕಾಯಿತು. ಮಧ್ಯಾಹ್ನದ ಮೂರು ತಾಸು ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಸ್ಥಾನಕ್ಕೆ ಹೋಯಿತು. ಅಲ್ಲಿನ 108 ಅಡಿಯ ಲಿಂಗ ನೋಡತಕ್ಕದ್ದೇ ಆದರೂ ಇಗರ್ಜಿಗಳ ಪ್ರವಾಸವೆಂದು ಹಣ ಪಡೆದ ಮೇಲೆ ಆ ಸಮಯದ ಅರ್ಧವನ್ನಾದರೂ ಊರ್ಗಾಂಗೂ ಕಾರ್ಮಿಕರ ಲೈನ್ ಮನೆಗಳಿಗೂ ಕೊಡಬೇಕಿತ್ತು. ಇದನ್ನು ನಡೆಸುವವರಿಗೇ ನೇರವಾಗಿ ಹೇಳಿದ್ದೇನೆ. ಕರಪತ್ರವನ್ನು ಆ ಮಾರ್ಗದರ್ಶಿಯ ಬಾಯಿಂದಲೇ ಕೇಳಿ ಹೊಸದಾಗಿ ಬರೆಸಬೇಕೆಂದೂ ಕೇಳಿಕೊಂಡಿದ್ದೇನೆ.

ಈ ಕೊರತೆಗಳಿದ್ದರೂ ಹೋಗಿಬನ್ನಿ ಎಂದೇ ನಾನು ಹೇಳುತ್ತೇನೆ. ಇಗರ್ಜಿಯೊಳಗೆ ಪೂಜೆಯ ಹೊತ್ತಿನಲ್ಲಿ ಫೋಟೊ ತೆಗೆಯಬೇಡಿ. ಮಾರ್ಗದರ್ಶಿಯ ಸಂಭಾವನೆ 4,500 ರೂಪಾಯಿಯಲ್ಲಿ ಸೇರಿಲ್ಲ. ಅವರಾಗಿ ಕೇಳುವುದೂ ಇಲ್ಲವಾದ್ದರಿಂದ, ಹೊರಡುವ ಮುನ್ನ ನೆನಪಿಟ್ಟು ಅವರ ಕೈಗೇ ಕೊಡಿ.