ಎಡೆದೊರೆಯೋ ದೋಆಬೋ: ಯುರೋಪಾ ಯೂನಿವರ್ಸಾಲಿಸ್ 4ರ ನಕ್ಷೆಯ ವಿಮರ್ಶೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲವನ್ನು ನಮ್ಮ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವುದು ಎಂಬಷ್ಟೇ ಅದರ ಅರ್ಥ. ಪಾರಸಿಯ ದೋಆಬ್ ಎಂಬ ಪದ ಹೇಳುವುದೂ ಅದನ್ನೇ, ಎರಡು ನೀರು ಎಂದು. ಸ್ಟಾಕ್‌ಹೋಮಿನ ಪ್ಯಾರಡಾಕ್ಸ್ ಸಂಸ್ಥೆ 2013ರಲ್ಲಿ ಹೊರತಂದ ಯುರೋಪಾ ಯೂನಿವರ್ಸಾಲಿಸ್ 4 ಎಂಬ, ರಾಜ್ಯವೊಂದನ್ನು ಆರಿಸಿಕೊಂಡು ಆಳುವ ಕಂಪ್ಯೂಟರ್ ಸ್ಟ್ರಾಟೆಜಿ ಗೇಮಿನ ನಕ್ಷೆಯಲ್ಲಿ ಆ ನೆಲ ರಾಯಚೂರು ದೋಆಬ್ ಎಂಬ ಹೆಸರಿನಲ್ಲಿದೆ. ಈ ಆಟದ ಯುದ್ಧ, ವ್ಯಾಪಾರ, ರಾಜತಂತ್ರಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆಯಾದ್ದರಿಂದ ನಾನು ಇಲ್ಲಿ ಅದರ ನಕ್ಷೆಯನ್ನು, ಅದರಲ್ಲಿಯೂ ಊರುಗಳಿಗೆ ಹೆಸರಿಡುವ ಮತ್ತು ಗಡಿ ಎಳೆಯುವ ಕೆಲಸವನ್ನು ಮಾತ್ರ ಪರಿಶೀಲಿಸುತ್ತೇನೆ.

ಆಟ ಆರಂಭವಾಗುವುದು 1444ರ ನವೆಂಬರ್ 11ರಂದು, ಅಂದರೆ ಬಲ್ಗೇರಿಯಾದ ವಾರ್ನಾದಲ್ಲಿ ಆಟೋಮನ್ನರು ಯುರೋಪಿನ ಸೇನೆಯನ್ನು ಸೋಲಿಸಿದ ಮರುದಿನ. ಆ ಹೊತ್ತಿಗೆ ವಿಜಯನಗರದ ಸಿಂಹಾಸನದಲ್ಲಿ ಇಮ್ಮಡಿ ದೇವರಾಯನಿದ್ದಾನೆ, ಬೀದರಿನಲ್ಲಿ ಬಹಮನಿ ಸುಲ್ತಾನನಿದ್ದಾನೆ. ದೇವರಾಯನಾಗಿ ಆಟ ತೆರೆದವರಿಗೆ ಮೊದಲು ಕಾಣುವ ಸೊಗಸೆಂದರೆ ಪಶ್ಚಿಮ ಯುರೋಪು ನಕ್ಷೆಯಲ್ಲಿ ಇಲ್ಲವೇ ಇಲ್ಲ. ಆ ಭಾಗವೆಲ್ಲ ಬರಿ ಬಿಳುಪು. ನಾವು ಅರಿಯದ ನೆಲಕ್ಕೆ ಹೆಸರೂ ಇಲ್ಲ, ಗಡಿಯೂ ಇಲ್ಲ. ಶಾಲೆಯ ಅಟ್ಲಾಸಿನಲ್ಲಿ ಭಾರತವನ್ನು ಯುರೋಪಿನ ಹಡಗುಗಳ ಬಾಣದ ಗುರುತಿನ ತುದಿಯಲ್ಲಿ ನೋಡಿ ಬೆಳೆದ ನನ್ನಂಥವರಿಗೆ ಈ ತಿರುವು ಬಹಳ ಹಿಡಿಸುತ್ತದೆ.

ಹೆಸರುಗಳ ವಿಷಯದಲ್ಲಿ ಈ ಆಟದ ಮುಖ್ಯ ಜಾಣತನ ಬೇರೆ ಕಡೆ ಇದೆ. ಇಲ್ಲಿ ಒಂದು ಪ್ರಾಂತದ ಹೆಸರು ಅದನ್ನು ಆಳುವವರ ಭಾಷೆಯನ್ನು ಅನುಸರಿಸಿ ಬದಲಾಗಬಲ್ಲದು. ಬೈಜಾಂಟಿಯನ್ನರ ಕೈಯಲ್ಲಿ ಕಾನ್‌ಸ್ಟಾಂಟಿನೋಪಲ್ ಆಗಿರುವ ನಗರವನ್ನು ಆಟೋಮನ್ನರು ಗೆದ್ದರೆ ಅದೇ ಜಾಗದಲ್ಲಿ ಕೊಸ್ತಾಂತಿನಿಯೆ ಎಂಬ ಅಕ್ಷರಗಳು ಮೂಡುತ್ತವೆ. ಅವಸರದ ವಿನ್ಯಾಸಕಾರನಾಗಿದ್ದರೆ ಇಸ್ತಾಂಬುಲ್ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದ. ಆದರೆ ಆಟೋಮನ್ ನಾಣ್ಯಗಳ ಮೇಲೆ ಟಂಕಿಸಿದ ಹೆಸರು ಕೊಸ್ತಾಂತಿನಿಯೆ ಎಂದೇ ಇತ್ತು, ಇಸ್ತಾಂಬುಲ್ ಎಂದೇ ಬರೆಯಿರೆಂದು ತುರ್ಕಿ ದೇಶ ಹೊರಗಿನವರನ್ನು ಒತ್ತಾಯಿಸಿದ್ದು 1930ರಲ್ಲಿ. ಈ ಒಂದು ಹೆಸರನ್ನು ಆರಿಸಿದ ಕೈಗೆ ಇತಿಹಾಸದ ಅರಿವಿತ್ತು ಎಂಬುದರಲ್ಲಿ ಸಂಶಯವಿಲ್ಲ.

ಅದೇ ಅರಿವು ನಮ್ಮ ಕಡೆಗೆ ಬರುವಾಗ ತೆಳುವಾಗುತ್ತದೆ. ಸಾಮ್ರಾಜ್ಯದ ಹೆಸರನ್ನು ವಿಜಯನಗರ್ ಎಂದು, ಕೊನೆಯ ಅಕಾರವನ್ನು ನುಂಗಿ ಬರೆಯಲಾಗಿದೆ. ಆಟವು ದೇಶದ ಹೆಸರನ್ನು ಅದರ ನೆಲದ ಉದ್ದಗಲಕ್ಕೂ ದೊಡ್ಡ ಅಕ್ಷರಗಳಲ್ಲಿ ಬಾಗಿಸಿ ಬರೆಯುವುದರಿಂದ, ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗೆ ಹರಡಿದ ಆ ಅರ್ಧಾಕ್ಷರ ಕಣ್ಣಿಗೆ ಹೊಡೆಯುತ್ತದೆ. ದೋಆಬ್ ಎಂಬುದನ್ನು ನಾನು ತಪ್ಪು ಎನ್ನಲಾರೆ. ಬಹಮನಿ ಅಥವಾ ಆದಿಲ್‌ಶಾಹಿ ದರ್ಬಾರಿನ ಬಾಯಲ್ಲಿ ಅದೇ ಸರಿ. ಬಿಜಾಪುರವೂ ಹಾಗೆಯೇ. ರಾಜ್ಯ ಸರ್ಕಾರ 2014ರ ನವೆಂಬರ್ 1ರಂದು 12 ನಗರಗಳ ಹೆಸರು ಬದಲಿಸಿದಾಗ ಅದನ್ನು ವಿಜಯಪುರ ಎಂದಿತಾದರೂ, ಆದಿಲ್‌ಶಾಹಿಗಳ ಬಾವುಟದ ಕೆಳಗೆ ಬಿಜಾಪುರ ಎಂದೇ ಇರಲಿ, ಕನ್ನಡದ ಅರಸನೊಬ್ಬ ಗೆದ್ದಾಗ ವಿಜಯಪುರವಾಗಲಿ ಎಂಬುದು ನನ್ನ ಅಪೇಕ್ಷೆ. ಇದಕ್ಕೆ ಬೇಕಾದ ಯಂತ್ರ ಆಟದೊಳಗೆ ಸಿದ್ಧವಾಗಿಯೇ ಇದೆ.

ಆ ಯಂತ್ರ ಕೆಲಸ ಮಾಡುವ ರೀತಿ ಸರಳ. ನಕ್ಷೆ ಎಂದರೆ 5632 ಪಿಕ್ಸೆಲ್ ಅಗಲ, 2048 ಪಿಕ್ಸೆಲ್ ಎತ್ತರದ ಒಂದು ಚಿತ್ರ. ಅದರಲ್ಲಿ ಪ್ರತಿ ಪ್ರಾಂತಕ್ಕೂ ಬೇರೆ ಯಾವುದಕ್ಕೂ ಇಲ್ಲದ ಒಂದು ಬಣ್ಣ, ಆ ಬಣ್ಣಕ್ಕೆ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದು ಹೆಸರು. ಕಾನ್‌ಸ್ಟಾಂಟಿನೋಪಲಿನ ಸಂಖ್ಯೆ 151. ಒಂದೊಂದು ಸಂಸ್ಕೃತಿಗೂ ಪ್ರತ್ಯೇಕ ಪಠ್ಯ ಕಡತವಿಟ್ಟು, ಸಂಖ್ಯೆಯ ಎದುರು ಆ ಭಾಷೆಯ ಹೆಸರನ್ನು ಬರೆದರೆ ಸಾಕು. ನಾನು ಕನ್ನಡಕ್ಕೆಂದು ಅಂಥ ಕಡತವೊಂದನ್ನು ಒಂದು ಸಂಜೆಯಲ್ಲಿ ಬರೆದುಕೊಂಡೆ. ಆದರೆ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವಂತಿಲ್ಲ: ಈ ಆಟದ ಅಕ್ಷರಗಳು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಸಂಕೇತಪಟ್ಟಿಗೆ ಕಟ್ಟುಬಿದ್ದಿವೆ. ಲ್ಯಾಟಿನ್ ಲಿಪಿಯಲ್ಲಿ ಬರೆದರೂ ದೀರ್ಘ ಸ್ವರಕ್ಕೆ ವಿದ್ವಾಂಸರು ಬಳಸುವ ತಲೆಗೆರೆ ಸಿಗದು, ಫ್ರೆಂಚರ ಟೋಪಿಗುರುತಿನಿಂದ ತೃಪ್ತಿಪಡಬೇಕು. ಆಟದಲ್ಲಿ ಗುರಿ ಮುಟ್ಟಿದವರಿಗೆ ಸಿಗುವ ಸಾಧನೆಗಳ ಪದಕ ಬೇಕೆನ್ನುವವರು ಇನ್ನೊಂದು ವಿಷಯ ಗಮನಿಸಬೇಕು. ಮೂಲ ಹೆಸರನ್ನೇ ಬದಲಿಸುವ ಭಾಷಾ ಕಡತದಿಂದ ಪದಕಗಳಿಗೆ ತೊಂದರೆಯಿಲ್ಲ. ಆಳುವವರಿಗೆ ತಕ್ಕಂತೆ ಬದಲಾಗುವ ಹೆಸರುಗಳನ್ನು ಸೇರಿಸಿದರೆ ಪದಕಗಳು ನಿಂತುಹೋಗುತ್ತವೆ. ಇಷ್ಟೆಲ್ಲ ಬೇಡವೆನ್ನುವವರು ತಾವು ಆಳುವ ಪ್ರಾಂತದ ಮೇಲೆ ಕ್ಲಿಕ್ ಮಾಡಿ ಹೆಸರನ್ನು ಕೈಯಾರೆ ತಿದ್ದಬಹುದು.

ಗಡಿಯ ವಿಷಯದಲ್ಲಿ ನನ್ನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಚಿತ್ರದಲ್ಲಿ ಎಳೆದ ಪ್ರಾಂತದ ಗೆರೆ ಆಟ ಮುಗಿಯುವ 1821ರವರೆಗೂ ಅಲುಗುವುದಿಲ್ಲ. ಪ್ರಾಂತ ಇಡಿಯಾಗಿ ಒಬ್ಬರದು, ಇಲ್ಲವೇ ಇಡಿಯಾಗಿ ಇನ್ನೊಬ್ಬರದು. 15ನೆಯ ಶತಮಾನದ ಎಡೆದೊರೆಯಲ್ಲಿ ಗಡಿ ಎಂಬುದು ಗೆರೆಯಾಗಿರಲಿಲ್ಲ, ರಾಯಚೂರು ಮತ್ತು ಮುದಗಲ್ಲಿನ ಕೋಟೆಗಳಾಗಿತ್ತು. ಕೋಟೆ ಯಾರ ಕೈಯಲ್ಲಿತ್ತೋ ಸುತ್ತಲಿನ ಹಳ್ಳಿಗಳ ಕಂದಾಯ ಅವರಿಗೆ ಹೋಗುತ್ತಿತ್ತು. ಆಟದಲ್ಲಿ ಒಂದು ಪ್ರಾಂತಕ್ಕೆ ಒಂದೇ ಕೋಟೆ ಕಟ್ಟಲು ಸಾಧ್ಯವಾದ್ದರಿಂದ, ಒಂದೇ ಪ್ರಾಂತದೊಳಗೆ ಒಂದು ಕೋಟೆ ರಾಯರದು, ಇನ್ನೊಂದು ಸುಲ್ತಾನನದು ಎಂಬ ಸ್ಥಿತಿಯನ್ನು ತೋರಿಸಲಾಗದು. ಹಾಗೆಂದು ಕೋಟೆಯ ಮಹತ್ವ ಆಟಕ್ಕೆ ತಿಳಿಯದು ಎನ್ನುವಂತಿಲ್ಲ. ಎದುರಾಳಿಯ ಕೋಟೆಯನ್ನು ದಾಟಿ ಸೇನೆ ಮುಂದೆ ನುಗ್ಗುವಂತಿಲ್ಲ, ಮುತ್ತಿಗೆ ಹಾಕಿ ಕೂರಲೇಬೇಕು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮುಂದೆ ಬೀಡುಬಿಟ್ಟದ್ದು ಏಕೆಂಬುದು ಆಡುವಾಗ ಚೆನ್ನಾಗಿ ಅರ್ಥವಾಗುತ್ತದೆ. ನಿಯಮಗಳಲ್ಲಿರುವ ಈ ತಿಳಿವಳಿಕೆ ನಕ್ಷೆಯ ಬಣ್ಣಗಳಲ್ಲಿ ಇಲ್ಲ ಎಂಬುದೇ ನನ್ನ ತಕರಾರು.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಪ್ರತಿ ಪ್ರಾಂತಕ್ಕೂ ಆಟ ತೆರಿಗೆ, ಉತ್ಪಾದನೆ, ಸೈನಿಕರ ಬಲ ಇವುಗಳನ್ನು ಕೂಡಿಸಿ ಒಂದು ಸಂಖ್ಯೆ ಕೊಡುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000, ಬೆಳ್ವೊಲ 300 ಎಂಬ ಶಾಸನಗಳ ರೂಢಿ. ಆ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ನಾಡಿನ ಹೆಸರಿನ ಬೆನ್ನಿಗೇ ಅದರ ತೂಕವನ್ನೂ ಬರೆಯುವ ಪದ್ಧತಿಯಂತೂ ಇಲ್ಲಿ ಸಾವಿರ ವರ್ಷ ಹಳೆಯದು. ನಮ್ಮ ನಾಡುಗಳನ್ನು ನಕ್ಷೆಗೆ ಇಳಿಸುವ ವಿನ್ಯಾಸಕಾರರು ಯಾರೇ ಆಗಲಿ, ಹೊಸ ಹೆಸರು ಹುಡುಕುವ ಮೊದಲು ಈ ಪಟ್ಟಿಯನ್ನು ಕಣ್ಣಾಡಿಸಬಹುದು.

ಹೆಸರು, ಗಡಿಗಳ ಗೊಡವೆ ಆಟಕ್ಕಷ್ಟೇ ಸೀಮಿತ ಎನ್ನುವವರಿಗೆ ಇದೇ ಸಂಸ್ಥೆಯ ಹಾರ್ಟ್ಸ್ ಆಫ್ ಐರನ್ ಎಂಬ ಎರಡನೆಯ ಮಹಾಯುದ್ಧದ ಆಟದ ಉದಾಹರಣೆ ಸಾಕು. ಟಿಬೆಟ್ ಮತ್ತು ಮಂಚೂರಿಯಾಗಳನ್ನು ಪ್ರತ್ಯೇಕ ದೇಶಗಳಾಗಿ ತೋರಿಸಿದ್ದಕ್ಕಾಗಿ ಚೀನಾ 2004ರಲ್ಲಿ ಅದನ್ನು ನಿಷೇಧಿಸಿತು.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಭಾರತದ ನಕ್ಷೆಯನ್ನು ಗಣನೀಯವಾಗಿ ತಿದ್ದಿದ್ದು 2018ರ ಸೆಪ್ಟೆಂಬರಿನಲ್ಲಿ, ಧರ್ಮ ಎಂಬ ವಿಸ್ತರಣೆಯ ಜೊತೆಯಲ್ಲಿ. ನಕ್ಷೆಯ ಆ ತಿದ್ದುಪಡಿಗಳು ಉಚಿತ ಅಪ್‌ಡೇಟಿನಲ್ಲಿಯೇ ಬಂದವು. ಆದ್ದರಿಂದ ನಕ್ಷೆಯನ್ನು ನೋಡುವುದಕ್ಕಾಗಿ ವಿಸ್ತರಣೆಗಳ ಉದ್ದನೆಯ ಪಟ್ಟಿಗೆ ದುಡ್ಡು ಸುರಿಯಬೇಕಾಗಿಲ್ಲ, ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ರಿಯಾಯಿತಿ ಬಂದಾಗ ಮೂಲ ಆಟವೊಂದನ್ನೇ ತೆಗೆದುಕೊಳ್ಳಬಹುದು. ಇದರ ಮುಂದಿನ ಆವೃತ್ತಿ 2025ರ ನವೆಂಬರಿನಲ್ಲಿ ಬಂದಿದ್ದು, ಅದರ ಕತೆ 1337ರಿಂದಲೇ, ಅಂದರೆ ಹೊಯ್ಸಳ ಮುಮ್ಮಡಿ ಬಲ್ಲಾಳ ಇನ್ನೂ ಬದುಕಿದ್ದ ಕಾಲದಿಂದಲೇ ಆರಂಭವಾಗುತ್ತದೆ. ಅದಕ್ಕೆ ತಕ್ಕ ಕಂಪ್ಯೂಟರ್ ನನ್ನ ಬಳಿ ಇಲ್ಲ. ಸದ್ಯಕ್ಕೆ ಹಳೆಯ ನಕ್ಷೆಯಲ್ಲಿಯೇ ವಿಜಯನಗರದ ಕೊನೆಗೊಂದು ಅಕ್ಷರ ಸೇರಿಸಿ, ದೋಆಬನ್ನು ಎಡೆದೊರೆ ಮಾಡಿಕೊಂಡು ಆಡುತ್ತಿದ್ದೇನೆ.