ಅಕ್ಕನಿಂದ ತಂಗಿಗೆ ದಾಟದ ಸಾಕುಪ್ರಾಣಿ: ವೆಬ್‌ಕಿನ್ಜ್ ಜೊತೆ ಹಲವು ವರ್ಷ

ಕೆನಡಾದ ಗಾಂಜ್ ಕಂಪನಿ 2005ರ ಏಪ್ರಿಲ್‌ನಲ್ಲಿ ಹೊರತಂದ ವೆಬ್‌ಕಿನ್ಜ್ ಗೊಂಬೆಗಳನ್ನು ಉತ್ತರ ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಅಂಗಡಿಯಲ್ಲಿ ಮೆತ್ತನೆಯ ಗೊಂಬೆಯೊಂದನ್ನು ಕೊಂಡು, ಅದರ ಟ್ಯಾಗ್ ಬಿಡಿಸಿ, ಒಳಗಿರುವ ಗುಟ್ಟಿನ ಕೋಡನ್ನು ವೆಬ್‌ಕಿನ್ಜ್ ವರ್ಲ್ಡ್ ಎಂಬ ಆನ್‌ಲೈನ್ ಆಟದಲ್ಲಿ ತುಂಬಿದರೆ ಅದೇ ಪ್ರಾಣಿ ಪರದೆಯ ಮೇಲೆ ಹಾಜರಾಗುತ್ತದೆ. ಆಮೇಲೆ ಅದಕ್ಕೆ ಹೆಸರಿಡುವುದು, ಕೋಣೆ ಸಜ್ಜುಗೊಳಿಸುವುದು, ಊಟ ಹಾಕುವುದು ನಮ್ಮ ಪಾಲಿನ ಕೆಲಸ. ಒಂಟಾರಿಯೊದ ನಮ್ಮ ಮನೆಗೆ ಮೊದಲು ಬಂದದ್ದು ಹಸಿರು ಕಪ್ಪೆ, ಅದರ ಹಿಂದೆ ಆನೆ. ಹೊಲಿಗೆ ಗಟ್ಟಿ, ಅಂಗಾಲಿನ ಮೇಲೆ ಕಸೂತಿ ಹಾಕಿದ ಡಬ್ಲ್ಯೂ ಅಕ್ಷರ ಇಂದಿಗೂ ಎಳೆ ಬಿಟ್ಟಿಲ್ಲ. ಗೊಂಬೆಯ ಗುಣಮಟ್ಟದ ಬಗ್ಗೆ ನನ್ನ ತಕರಾರೇನೂ ಇಲ್ಲ.

ನನಗೆ ಅನಿರೀಕ್ಷಿತವಾಗಿ ಹಿಡಿಸಿದ್ದು ಅದರ ದಿನಚರಿ. ಮಗಳು ಶಾಲೆಗೆ ಹೊರಡುವ ಮುನ್ನ ದಿನಕ್ಕೊಮ್ಮೆ ಸಿಗುವ ಚಕ್ರವನ್ನು ತಿರುಗಿಸಿ ಏನಾದರೊಂದು ಬಹುಮಾನ ಪಡೆಯುತ್ತಿದ್ದಳು, ಸಂಜೆ ಬಂದವಳೇ ಆಟದೊಳಗಿನ ಉದ್ಯೋಗ ಕಚೇರಿಗೆ ಹೋಗಿ ದುಡಿದು ಅಲ್ಲಿಯ ಹಣವಾದ ಕಿನ್ಜ್‌ಕ್ಯಾಶ್ ಗಳಿಸುತ್ತಿದ್ದಳು. ಅಲ್ಲಿ ಒಂದು ಕೆಲಸ ಮಾಡಿದರೆ ಮುಂದಿನದಕ್ಕೆ 8 ಗಂಟೆ ಕಾಯಬೇಕು. ಕುಳಿತ ಜಾಗ ಬಿಟ್ಟೇಳದೆ ಆಡುತ್ತಲೇ ಇರಲು ಬಿಡದ ಈ ತಡೆಯನ್ನು ಯಾರು ಯೋಚಿಸಿದರೋ, ಅವರ ಮನೆಯಲ್ಲಿ ಮಕ್ಕಳಿದ್ದಿರಬೇಕು. ಹಳೆಯ ಸಾಮಾನುಗಳ ಅಂಗಡಿ ಇಟ್ಟಿರುವ ಆರ್ಟ್ ಎಂಬ ನಾಯಿಯ ಮೇಲೆ ಕ್ಲಿಕ್ ಮಾಡುತ್ತಿದ್ದರೆ ಅಪರೂಪಕ್ಕೊಮ್ಮೆ ಅದು ಯಾರಿಗೂ ತೋರಿಸದ ಸಾಮಾನೊಂದನ್ನು ಮುಂದಿಡುತ್ತದೆ. ಕೊಳ್ಳುವುದೋ ಬಿಡುವುದೋ ಎಂದು ಮಗಳು ಕಿನ್ಜ್‌ಕ್ಯಾಶ್ ಲೆಕ್ಕ ಹಾಕುತ್ತಿದ್ದ ಶ್ರದ್ಧೆಯನ್ನು ಗಣಿತದ ಮನೆಪಾಠದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಆಟದೊಳಗಿನ ತೋಟ ಮಾತ್ರ ನನ್ನದಾಯಿತು. ಬೀಜ ಹಾಕಿದ ಮೇಲೆ ದಿನವೂ ಹೋಗಿ ನೋಡಿಕೊಳ್ಳಬೇಕು, ಮರೆತರೆ ಗಿಡ ಬಾಡುತ್ತದೆ. ಮಗಳು ಬೇಸಿಗೆ ಶಿಬಿರಕ್ಕೆ ಹೋದಾಗ ಅವಳ ಪರವಾಗಿ ಶುರುಮಾಡಿದ ಈ ಕೆಲಸವನ್ನು, ರಾತ್ರಿ ಅಡುಗೆಮನೆ ಒರೆಸಿ ಹಾಲಿಗೆ ಹೆಪ್ಪು ಹಾಕಿದ ನಂತರ ನಾನು ಈಗಲೂ ಮಾಡುತ್ತೇನೆ. ಆಟದ ಒಲೆಯ ಮೇಲೆ ಮೂರು ಪದಾರ್ಥ ಬೆರೆಸಿ ಹೊಸ ಅಡುಗೆ ಕಂಡುಹಿಡಿಯುವ ಆಟವೂ ಇದೆ. ಯಾವುದರ ಜೊತೆ ಯಾವುದು ಸೇರುತ್ತದೆ ಎಂಬುದಕ್ಕೆ ನಮ್ಮ ನಾಲಿಗೆಯ ತರ್ಕ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಪ್ರಾಣಿಯನ್ನು ನಾಲ್ಕು ದಿನ ಮರೆತರೂ ಅದು ಸಾಯುವುದಿಲ್ಲ, ಕಾಯಿಲೆ ಬಿದ್ದರೆ ಡಾಕ್ಟರ್ ಕ್ವ್ಯಾಕ್ ಬಳಿ ಕರೆದೊಯ್ದರಾಯಿತು. ಸಾಮಾನ್ಯ ಹರಟೆಯ ಕೋಣೆಯಲ್ಲಿ ಮಕ್ಕಳು ಸಿದ್ಧ ವಾಕ್ಯಗಳನ್ನಷ್ಟೇ ಆರಿಸಿ ಕಳುಹಿಸಬಹುದು, ತಮಗೆ ತೋಚಿದ್ದನ್ನು ಬರೆಯುವಂತಿಲ್ಲ. ಇದರಿಂದ ಮಗಳಿಗೆ ಬೇಜಾರಾಗುತ್ತಿತ್ತು, ನನಗೆ ನಿಶ್ಚಿಂತೆಯಿತ್ತು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೂ ಈ ವಸ್ತುವಿನ ಒಂದು ನಿಯಮವನ್ನು ನಾನು ಒಪ್ಪಲಾರೆ. ಕೋಡನ್ನು ಒಮ್ಮೆ ಮಾತ್ರ ಬಳಸಬಹುದು, ಒಂದು ಖಾತೆಗೆ ಸೇರಿದ ಪ್ರಾಣಿ ಅಲ್ಲೇ ಉಳಿಯುತ್ತದೆ. ನಮ್ಮ ಮನೆಗಳಲ್ಲಿ ಅಕ್ಕನ ಲಂಗ, ಪಠ್ಯಪುಸ್ತಕ, ಸೈಕಲ್ ಎಲ್ಲವೂ ತಂಗಿಗೆ, ಅವಳಿಂದ ಚಿಕ್ಕಪ್ಪನ ಮಕ್ಕಳಿಗೆ ಸಾಗುವುದು ರೂಢಿ. ಹಾಗೆಯೇ ಬೇಸಿಗೆ ರಜೆಗೆ ಮೈಸೂರಿಗೆ ಹೋದಾಗ ಮಗಳು ಆ ಆನೆಯನ್ನು ನನ್ನ ಮೈದುನನ ಮಗಳಿಗೆ ತಾನಾಗಿಯೇ ಕೊಟ್ಟುಬಂದಳು. ಹುಡುಗಿ ಹಿಗ್ಗಿದಳು, ಆದರೆ ಕಂಪ್ಯೂಟರಿನಲ್ಲಿರುವ ಆನೆಯೂ ತನಗೆ ಬರುತ್ತದೆ ಎಂದುಕೊಂಡಿದ್ದಳು. ಪ್ರಾಣಿ ಇವಳ ಖಾತೆಯಲ್ಲಿ, ಗೊಂಬೆ ಅವಳ ಕೈಯಲ್ಲಿ. ಎರಡನ್ನೂ ಸೇರಿಸಿಯೇ ಹಣ ಕೊಟ್ಟವರು ನಾವು. ಒಂದೇ ಕೋಡನ್ನು ಹತ್ತು ಮಂದಿ ಹಂಚಿಕೊಂಡರೆ ವ್ಯಾಪಾರ ಉಳಿಯುವುದಿಲ್ಲ ಎಂಬುದು ನನಗೂ ಅರ್ಥವಾಗುತ್ತದೆ. ಆದರೆ ಮೊದಲ ಖಾತೆಯಿಂದ ತೆಗೆದು ಎರಡನೆಯದಕ್ಕೆ ಸೇರಿಸುವ ದಾರಿಯೊಂದನ್ನು ಇಟ್ಟಿದ್ದರೆ ಯಾರಿಗೂ ನಷ್ಟವಾಗುತ್ತಿರಲಿಲ್ಲ. ಆರಂಭದ ವರ್ಷಗಳಲ್ಲಂತೂ ಖಾತೆಯ ಅವಧಿಯೇ ಒಂದು ವರ್ಷ, ಇನ್ನೊಂದು ಗೊಂಬೆಯನ್ನು ಕೊಂಡು ದತ್ತು ತೆಗೆದುಕೊಂಡರಷ್ಟೇ ಅದು ಮುಂದುವರಿಯುತ್ತಿತ್ತು. ಗೊಂಬೆಗಳ ರಾಶಿ ಮನೆಮನೆಯಲ್ಲೂ ಬೆಳೆದದ್ದಕ್ಕೆ ಮಕ್ಕಳ ಆಸೆಯೊಂದೇ ಕಾರಣವಲ್ಲ.

ಈ ನಿಯಮದ ಬಿಸಿ ಹೆಚ್ಚು ತಟ್ಟುವುದು ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಹಳೆಯ ಸಾಮಾನು ಮಾರುವ ಜಾಲತಾಣವೊಂದರಲ್ಲಿ ‘ಟ್ಯಾಗ್ ಸಮೇತ, ಕೋಡ್ ಬಳಸಿಲ್ಲ’ ಎಂದು ಬರೆದಿದ್ದ ಗೊಂಬೆಯೊಂದನ್ನು ತರಿಸಿದೆ. ಟ್ಯಾಗಿನ ಮಡಿಕೆಯನ್ನು ಬಿಡಿಸಿ ಮತ್ತೆ ನಾಜೂಕಾಗಿ ಅಂಟಿಸಿದ್ದರು. ಅಂಟಿನ ಗೆರೆ ಅಂಚಿನಿಂದ ಕೂದಲೆಳೆಯಷ್ಟು ಸರಿದಿತ್ತು. ಕೋಡ್ ತುಂಬಿದರೆ ಈಗಾಗಲೇ ಬಳಕೆಯಾಗಿದೆ ಎಂಬ ಉತ್ತರ. ಮಾರಿದವರಿಗೆ ಬರೆದ ಪತ್ರಕ್ಕೆ ಮರುಮಾತಿಲ್ಲ.

ಉಳಿದ ಬದಲಾವಣೆಗಳಿಗೆ ಹೊಂದಿಕೊಂಡಿದ್ದೇವೆ. ಬ್ರೌಸರಿನಲ್ಲಿ ಇಂಥ ಆಟಗಳನ್ನು ನಡೆಸುತ್ತಿದ್ದ ಫ್ಲ್ಯಾಶ್ ತಂತ್ರಾಂಶ 2020ರ ಕೊನೆಗೆ ನಿಂತುಹೋದ ಮೇಲೆ ಹಳೆಯ ಲೋಕ ‘ಕ್ಲಾಸಿಕ್’ ಎಂಬ ಹೆಸರಿನಲ್ಲಿ ಆ್ಯಪ್ ಆಗಿ ಉಳಿದಿದೆ, ಅದರ ಪಕ್ಕದಲ್ಲಿ ‘ನೆಕ್ಸ್ಟ್’ ಎಂಬ ಮೂರು ಆಯಾಮದ ಹೊಸ ಲೋಕ ಬಂದಿದೆ. ಹೊಸದು ಹೊಳಪಾಗಿದೆ, ನನಗೆ ಹಳೆಯ ಚಪ್ಪಟೆ ಕೋಣೆಗಳೇ ಸಾಕು. ಅದೇ ವರ್ಷದ ಏಪ್ರಿಲ್‌ನಲ್ಲಿ ಸುಮಾರು 2.3 ಕೋಟಿ ಬಳಕೆದಾರರ ಹೆಸರು ಮತ್ತು ಗೂಢಲಿಪಿಯಲ್ಲಿದ್ದ ಪಾಸ್‌ವರ್ಡ್‌ಗಳು ಸೋರಿಕೆಯಾಗಿದ್ದವು. ಬಾಲ್ಯದ ಖಾತೆಯನ್ನು ಮತ್ತೆ ತೆರೆಯುವವರು ಮೊದಲು ಪಾಸ್‌ವರ್ಡ್ ಬದಲಿಸಿ, ಆ ಹಳೆಯ ಪಾಸ್‌ವರ್ಡನ್ನೇ ಬೇರೆಡೆಯೂ ಇಟ್ಟುಕೊಂಡಿದ್ದರೆ ಅಲ್ಲಿಯೂ ಬದಲಿಸುವುದು ಒಳ್ಳೆಯದು.

ತಿಂಗಳ ಖರ್ಚನ್ನು ಬರೆದಿಡುವ ನನ್ನಂಥವರಿಗೆ ಹೇಳುವುದಾದರೆ, ಒಂದು ಗೊಂಬೆ ಧಾರಾಳವಾಗಿ ಸಾಕು, ಏಕೆಂದರೆ ತೋಟ, ಒಲೆ, ಕೆಲಸ, ಅಂಗಡಿ ಎಲ್ಲವೂ ಒಂದೇ ಪ್ರಾಣಿಯಿಂದ ತೆರೆದುಕೊಳ್ಳುತ್ತವೆ. ಸಂಗ್ರಹಕ್ಕಾಗಿ ಹಳೆಯ ಗೊಂಬೆ ಹುಡುಕುವವರು ಅಂಗಾಲಿನ ಡಬ್ಲ್ಯೂ ನೋಡಿಕೊಂಡು ಬರಿಯ ಗೊಂಬೆಯ ಬೆಲೆಯನ್ನಷ್ಟೇ ಕೊಡಲಿ. ಮೈಸೂರಿನ ಹುಡುಗಿಗೆ ಈ ಸಲ ಟ್ಯಾಗ್ ಬಿಚ್ಚದ ಕಪ್ಪೆಯೊಂದನ್ನು ಇಲ್ಲಿಯ ಅಂಗಡಿಯಿಂದಲೇ ಕೊಂಡು ಒಯ್ಯುತ್ತಿದ್ದೇನೆ.